ಘೋಷಣೆ ಮುಗಿದ ಮೇಲಿನದನ್ನು ಬರಿ

ಪ್ರಿಯ ತಮ್ಮಾ,

ನೀನು ಬರೆಯುತ್ತಿರುವ ಕನ್ನಡ ಹೋರಾಟಗಾರ ಶಾಸಕರೊಬ್ಬರ ಜೀವನಚರಿತ್ರೆಯಿಂದ ಕಳಿಸಿದ ಮೂರೂ ಅಧ್ಯಾಯ ಓದಿದೆ. ಮೊದಲು ಸಣ್ಣದೊಂದನ್ನು ಮುಗಿಸಿಬಿಡೋಣ. ‘ಗರ್ಜನೆ’ಯ ಗ ಅಲ್ಪಪ್ರಾಣ. ಕನ್ನಡ ಹೋರಾಟಗಾರರ ಜೀವನಚರಿತ್ರೆಯಲ್ಲಿ ‘ಘರ್ಜನೆ’ ಅಂತ ಹನ್ನೊಂದು ಸಲ ಬಂದರೆ ಓದುಗರ ಕಣ್ಣು ಬೇರೆಲ್ಲೂ ನಿಲ್ಲುವುದಿಲ್ಲ. ಹನ್ನೊಂದು ಕಡೆಯೂ ಆ ಪದವನ್ನು ಹೊಡೆದುಹಾಕು, ಪುಸ್ತಕಕ್ಕೆ ಏನೂ ನಷ್ಟವಿಲ್ಲ.

ಈಗ ದೊಡ್ಡ ವಿಷಯ. ನಿನ್ನ ನಾಯಕರು ಬೀದಿಯಲ್ಲಿ ಏನು ಕೂಗಿದರು ಎನ್ನುವುದು ಮೂರೂ ಅಧ್ಯಾಯದಲ್ಲಿದೆ. ಕೂಗಿದ ಮೇಲೆ ಏನಾಯಿತು ಎನ್ನುವುದು ಒಂದರಲ್ಲೂ ಇಲ್ಲ. ಬರೀ ಹೋರಾಟಗಾರರ ಬದುಕು ಬರೆಯುವವನಿಗೆ ಬೀದಿ ಸಾಕಾದೀತು. ಇವರು ಶಾಸಕರೂ ಆಗಿದ್ದವರು. ಬೇಡಿಕೆ ಮನವಿಪತ್ರವಾಗಿ, ಸದನದ ಪ್ರಶ್ನೆಯಾಗಿ, ಸರ್ಕಾರಿ ಆದೇಶವಾಗಿ, ಕೊನೆಗೆ ಕೋರ್ಟಿನ ಕಟಕಟೆಯವರೆಗೆ ಹೋಗುವ ದಾರಿಯಲ್ಲಿ ಅವರು ಎಲ್ಲೆಲ್ಲಿ ಇದ್ದರು, ಎಲ್ಲಿ ಇರಲಿಲ್ಲ ಎಂಬುದೇ ಅವರ ಬದುಕಿನ ಮುಖ್ಯ ಕಥೆ.

ಗೋಕಾಕ್ ಚಳವಳಿಯನ್ನೇ ತೆಗೆದುಕೊ. ನಿನ್ನ ಎರಡನೆಯ ಅಧ್ಯಾಯ 1982ರ ಮೆರವಣಿಗೆ, ರಾಜ್‌ಕುಮಾರ್ ಭಾಷಣ, ಜನಸಾಗರ, ವಿಜಯ ಎಂದು ನಿಂತುಬಿಟ್ಟಿದೆ. ಅದು ಶುರುವಾದದ್ದು ಅದಕ್ಕಿಂತ ಮೊದಲು. ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡು ಕನ್ನಡವನ್ನು ಬದಿಗಿಡಲು ಅವಕಾಶವಿತ್ತು. ಆ ತಕರಾರಿನಿಂದಲೇ 1980ರ ಜುಲೈನಲ್ಲಿ ವಿ.ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿ ಬಂತು. 1981ರ ಜನವರಿಯಲ್ಲಿ ವರದಿ ಕೊಟ್ಟರು: ಕನ್ನಡವೇ ಏಕೈಕ ಪ್ರಥಮ ಭಾಷೆ, ಅದಕ್ಕೆ 150 ಅಂಕ. ಮುಖ್ಯಮಂತ್ರಿ ಗುಂಡೂರಾವ್ ಅವರ ಸರ್ಕಾರ ವರದಿಯನ್ನು ಹಿಡಿದುಕೊಂಡು ಕೂತದ್ದರಿಂದ ಚಳವಳಿ ಬಿಸಿಯಾಯಿತು, 1982ರ ಜುಲೈನಲ್ಲಿ ಆದೇಶ ಹೊರಬಿತ್ತು. ನೀನು ವಿಜಯ ಎಂದು ಬರೆದಿರುವುದು ಇಲ್ಲಿಗೆ. ಆದರೆ 1989ರ ಜನವರಿಯಲ್ಲಿ ಹೈಕೋರ್ಟಿನ ಪೂರ್ಣಪೀಠ ಆ ಆದೇಶದ ಮುಖ್ಯ ಭಾಗವನ್ನು ರದ್ದು ಮಾಡಿತು. ಅದೇ ಜೂನ್‌ನಲ್ಲಿ ಸರ್ಕಾರ ಬೇರೆ ಆದೇಶ ಹೊರಡಿಸಿತು, ಅದನ್ನು ಸುಪ್ರೀಂ ಕೋರ್ಟ್ 1993ರಲ್ಲಿ ಎತ್ತಿಹಿಡಿಯಿತು. 1994ರ ಭಾಷಾ ನೀತಿ ಒಂದರಿಂದ ನಾಲ್ಕನೆಯ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಎಂದಿತು. ಅದು 2008ರಲ್ಲಿ ಹೈಕೋರ್ಟಿನಲ್ಲಿ ಬಿತ್ತು, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದಲ್ಲೂ ನಿಲ್ಲಲಿಲ್ಲ.

1982ರಲ್ಲಿ ಮೆರವಣಿಗೆಯ ಮುಂದಿನ ಸಾಲಿನಲ್ಲಿ ನಿಲ್ಲಲು ನೂಕುನುಗ್ಗಲು. 1989ರ ಜನವರಿಯಲ್ಲಿ ನಿನ್ನ ನಾಯಕರು ಏನು ಮಾಡುತ್ತಿದ್ದರು? ಹೇಳಿಕೆ ಕೊಟ್ಟರೇ, ವಕೀಲರನ್ನು ಕಂಡರೇ, ಸುಮ್ಮನಿದ್ದರೇ? ಸುಮ್ಮನಿದ್ದರೆ ಅದನ್ನೂ ಬರಿ. ಹೀಗೆ ಹೇಳಿದರೆ ಅಭಿಮಾನಿಗಳು ಸಿಟ್ಟಾಗಬಹುದು, ಪುಸ್ತಕ ಮಾತ್ರ ನಿಲ್ಲುತ್ತದೆ.

ಮಾಡುವ ಕ್ರಮ ಹೇಳುತ್ತೇನೆ. ಒಂದೊಂದು ಹೋರಾಟಕ್ಕೆ ಒಂದೊಂದು ಹಾಳೆ ಇಟ್ಟುಕೊ. ತಾರೀಖು, ಸ್ಥಳ, ಬೇಡಿಕೆ, ಮನವಿ ಸಲ್ಲಿಸಿದ್ದು ಯಾರಿಗೆ, ಬಂದ ಉತ್ತರ, ಒಂದು ವರ್ಷದ ಮೇಲೆ ಪರಿಸ್ಥಿತಿ, ಇಷ್ಟು ಕಾಲಮು. ಕೊನೆಯ ಎರಡು ಕಾಲಮು ಖಾಲಿ ಉಳಿದ ಹೋರಾಟಕ್ಕೆ ಪುಸ್ತಕದಲ್ಲಿ ಎರಡು ಸಾಲು ಸಾಕು. ತುಂಬಿದ್ದಕ್ಕೆ ಅಧ್ಯಾಯ ಕೊಡು. ನಿನ್ನ ಕರಡಿನಲ್ಲಿ ಸದ್ಯ ಇದು ತಲೆಕೆಳಗಾಗಿದೆ. ಯಾವುದರ ಫೋಟೋ ಚೆನ್ನಾಗಿ ಬಂದಿದೆಯೋ ಅದಕ್ಕೆ ಹೆಚ್ಚು ಪುಟ.

ಸದನದ ಭಾಗಕ್ಕೆ ವಿಧಾನಸಭೆಯ ನಡವಳಿಗಳ (ಸದನದ ಮಾತುಕತೆಯ ಅಧಿಕೃತ ದಾಖಲೆಯ) ಸಂಪುಟ ನೋಡದೆ ಗತಿಯಿಲ್ಲ. ಪತ್ರಿಕೆಯ ವರದಿಯಿಂದ ತಾರೀಖು ಹಿಡಿ, ನಡವಳಿಯಲ್ಲಿ ಆ ದಿನದ ಪುಟ ತೆರೆ. ಪತ್ರಿಕೆ ಮಾರನೆಯ ದಿನದ್ದು ಎಂಬುದನ್ನು ಮರೆತು ತಾರೀಖಿನಲ್ಲಿ ಒಂದು ದಿನ ತಪ್ಪುವವರೇ ಜಾಸ್ತಿ. ಮಂತ್ರಿ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆ ಕೇಳಿದ್ದೂ, ತುರ್ತು ವಿಷಯಕ್ಕೆ ಮಂತ್ರಿಯ ಗಮನ ಸೆಳೆಯುವ ಸೂಚನೆ ಕೊಟ್ಟದ್ದೂ, ಶೂನ್ಯವೇಳೆಯಲ್ಲಿ ಎದ್ದು ನಿಂತು ಎರಡು ಮಾತು ಆಡಿದ್ದೂ ಒಂದೇ ತೂಕದ್ದಲ್ಲ. ‘ಸದನದಲ್ಲಿ ಹೋರಾಡಿದರು’ ಎಂದು ಮೂರನ್ನೂ ಒಂದೇ ಚೀಲಕ್ಕೆ ತುಂಬಬೇಡ. ಮಂತ್ರಿ ‘ಪರಿಶೀಲಿಸಲಾಗುವುದು’ ಎಂದಿದ್ದರೆ ಅದು ಮಂತ್ರಿಗಳು ಕೊಟ್ಟ ಮಾತು ನಡೆಯಿತೇ ಎಂದು ನೋಡುವ ಸದನದ ಭರವಸೆಗಳ ಸಮಿತಿಯ ಮುಂದೆ ಹೋಗಿತ್ತೇ ನೋಡು. ಇನ್ನೊಂದು ತೊಡಕು: ಸಭಾಧ್ಯಕ್ಷರು ಕಡತದಿಂದ ತೆಗೆಸಿದ ಮಾತು ಪತ್ರಿಕೆಯಲ್ಲಿ ಇರಬಹುದು, ನಡವಳಿಯಲ್ಲಿ ಇರುವುದಿಲ್ಲ. ಆಗ ಎರಡನ್ನೂ ಹೇಳು, ಯಾವುದು ಎಲ್ಲಿಂದ ಬಂತೆಂದು ಸ್ಪಷ್ಟಪಡಿಸು.

ಸದನದಲ್ಲಿ ಕನ್ನಡದಲ್ಲಿ ಮಾತಾಡಿದ್ದನ್ನು ಸಾಹಸ ಎಂದು ಬರೆದಿದ್ದೀಯ. ಯಾವ ಸದನ, ಯಾವ ವರ್ಷ ಎನ್ನದೆ ಆ ಮಾತಿಗೆ ಅರ್ಥವಿಲ್ಲ. ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ್ದು ದೊಡ್ಡ ಸಂಗತಿ, ಏಕೆಂದರೆ ಅಲ್ಲಿ ಹಾಗೆ ಮೊದಲು ಮಾತಾಡಿದವರು ಅವರು. ಅದೇ ಕೆಲಸ ವಿಧಾನಸಭೆಯಲ್ಲಿ, ಅದೂ ಕನ್ನಡವನ್ನು ಆಡಳಿತ ಭಾಷೆ ಮಾಡಿದ ರಾಜ್ಯದ 1963ರ ರಾಜಭಾಷಾ ಅಧಿನಿಯಮ ಬಂದು ಎಷ್ಟೋ ಕಾಲವಾದ ಮೇಲೆ, ಸಾಹಸವಾಗುವುದಿಲ್ಲ. ಅಲ್ಲಿ ಕನ್ನಡದ ಸಮಸ್ಯೆ ಬೇರೆಡೆ ಇತ್ತು: ಮಸೂದೆಯ ಕರಡು, ಕಾರ್ಯದರ್ಶಿಯ ಟಿಪ್ಪಣಿ, ತಾಲ್ಲೂಕಿಗೆ ಹೋಗುವ ಸುತ್ತೋಲೆ. ನಿನ್ನವರು ಆ ಬಗ್ಗೆ ಏನಾದರೂ ಕೇಳಿದ್ದರೆ ಅದೇ ಚಿನ್ನ.

ಜೈಲಿನ ಲೆಕ್ಕ. ‘ಐವತ್ತಕ್ಕೂ ಹೆಚ್ಚು ಬಾರಿ ಸೆರೆಮನೆ’ ಎಂದಿದ್ದೀಯ. ಬಂದ್ ದಿನ ಬೆಳಿಗ್ಗೆ ಪೊಲೀಸರು ವ್ಯಾನಿಗೆ ಹತ್ತಿಸಿ, ಮೈದಾನದಲ್ಲಿ ಕೂರಿಸಿ, ಊಟ ಕೊಟ್ಟು, ಸಂಜೆ ಬಿಟ್ಟರೆ ಅದು ವಶಕ್ಕೆ ಪಡೆದದ್ದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 151ನೆಯ ಕಲಮಿನ ಮುನ್ನೆಚ್ಚರಿಕೆ ಬಂಧನದಲ್ಲಿ, ಬೇರೆ ಆಧಾರವಿಲ್ಲದೆ 24 ಗಂಟೆ ಮೀರಿ ಇಟ್ಟುಕೊಳ್ಳುವಂತಿರಲಿಲ್ಲ. ನ್ಯಾಯಾಂಗ ಬಂಧನ, ಶಿಕ್ಷೆ ಇವೆರಡೂ ಬೇರೆ ಬೇರೆ. ನಾಲ್ಕು ಪಟ್ಟಿ ಮಾಡು: ವಶ, ಬಂಧನ, ಆರೋಪಪಟ್ಟಿ, ತೀರ್ಪು. ಐದನೆಯದೊಂದೂ ಬೇಕು: ಸರ್ಕಾರ ಅದೇ ಸಂಹಿತೆಯ 321ನೆಯ ಕಲಮಿನಡಿ ಹಿಂಪಡೆದ ಮೊಕದ್ದಮೆಗಳು. ‘ಖುಲಾಸೆಯಾದರು’ ಎನ್ನುವ ಕಡೆ ಎಷ್ಟೋ ಸಲ ನಡೆದದ್ದು ‘ಸರ್ಕಾರ ಕೇಸು ಹಿಂಪಡೆಯಿತು’. ಯಾವ ಮುಖ್ಯಮಂತ್ರಿಯ ಕಾಲದಲ್ಲಿ ಹಿಂಪಡೆದರು ಎನ್ನುವುದರಲ್ಲಿ ರಾಜಕೀಯ ಸಂಬಂಧದ ಸುಳಿವು ಇರುತ್ತದೆ. ಐವತ್ತು ಹೋಗಿ ಆರು ಉಳಿದರೆ ಬೇಜಾರಾಗಬೇಡ. ಆರು ನಿಜವಾದರೆ ಸಾಕು.

ಚುನಾವಣೆಯ ವಿಚಾರದಲ್ಲಿ ನಿನ್ನ ಕರಡು ತೀರಾ ಬಡವಾಗಿದೆ. ಆಯೋಗದ ಅಂಕಿಅಂಶ ವರದಿಗಳು ಮೊದಲ ಮಹಾಚುನಾವಣೆಯಿಂದಲೂ ಸಿಗುತ್ತವೆ. ಕ್ಷೇತ್ರದ ಹೆಸರು ಒಂದೇ ಇದ್ದ ಮಾತ್ರಕ್ಕೆ ಕ್ಷೇತ್ರ ಒಂದೇ ಅಲ್ಲ. ವಿಧಾನಸಭೆಯಲ್ಲಿ 1957 ಮತ್ತು 1962ರಲ್ಲಿ 208 ಸ್ಥಾನ, 1967 ಮತ್ತು 1972ರಲ್ಲಿ 216, 1978ರಿಂದ 224. ಪ್ರತಿ ಸಲ ಗಡಿ ಬದಲಾಗಿದೆ, ಸಂಖ್ಯೆ ಬದಲಾಗದೆ 2008ರಲ್ಲೂ ಬದಲಾಗಿದೆ. ‘ಸ್ವಂತ ಕ್ಷೇತ್ರ ಕೈಬಿಟ್ಟಿತು’ ಎಂದು ಬರೆಯುವ ಮೊದಲು ಅವರ ಊರು ಆ ಸಲ ಯಾವ ಕ್ಷೇತ್ರಕ್ಕೆ ಸೇರಿತ್ತು ನೋಡು. ಠೇವಣಿ ಉಳಿಯಲು ಸಿಂಧು ಮತಗಳಲ್ಲಿ ಆರನೆಯ ಒಂದು ಭಾಗಕ್ಕಿಂತ ಹೆಚ್ಚು ಬೇಕು. 1996ಕ್ಕೆ ಮೊದಲು ಸಾಮಾನ್ಯ ಅಭ್ಯರ್ಥಿಗೆ ಆ ಠೇವಣಿ 250 ರೂಪಾಯಿ. ಸಭೆಗೆ ಹತ್ತು ಸಾವಿರ ಜನ ಬಂದ ಊರಿನಲ್ಲೇ ಠೇವಣಿ ಹೋದದ್ದು ಹೇಗೆ? ಭಾಷೆಯ ಹೆಸರಿನಲ್ಲಿ ಸೇರುವ ಜನ ಮತ ಹಾಕುವಾಗ ಜಾತಿ, ನೀರು, ರಸ್ತೆ, ಪಕ್ಷ ನೋಡುತ್ತಾರೆ. ಮ. ರಾಮಮೂರ್ತಿಯವರು 1960ರ ದಶಕದಲ್ಲಿ ಕನ್ನಡ ಪಕ್ಷ ಕಟ್ಟಿದ್ದರು. ಅವರು ಕೊಟ್ಟ ಹಳದಿ ಕೆಂಪು ಬಾವುಟ ನಾಡಿಗೆಲ್ಲ ಹರಡಿತು, ಪಕ್ಷ ಹಾಗೆ ಹರಡಲಿಲ್ಲ. ನಿನ್ನ ಪುಸ್ತಕದ ನಡುವೆ ಇರಬೇಕಾದ ಪ್ರಶ್ನೆ ಇದು.

ಇದೇ ಕಾರಣಕ್ಕೆ ‘ಗೋಕಾಕ್ ಚಳವಳಿ ಗುಂಡೂರಾವ್ ಸರ್ಕಾರವನ್ನು ಉರುಳಿಸಿತು’ ಎಂಬ ಸಾಲನ್ನು ತೆಗೆ. 1983ರಲ್ಲಿ ಜನತಾ 95, ಕಾಂಗ್ರೆಸ್ 82, ಬಿಜೆಪಿ 18 ಗೆದ್ದವು. 1980ರ ಜುಲೈನಲ್ಲಿ ನರಗುಂದ, ನವಲಗುಂದದ ರೈತರ ಮೇಲೆ ಗೋಲಿಬಾರ್ ಆಗಿತ್ತು. ಅದರ ಬಿಸಿಯೂ ಆ ಫಲಿತಾಂಶದಲ್ಲಿದೆ. ಚಳವಳಿಯೂ ಒಂದು ಕಾರಣ ಎಂದರೆ ಸಾಕು.

ಗಡಿ ವಿವಾದದ ಅಧ್ಯಾಯದಲ್ಲಿ ನೀನು ಬಿದ್ದಿರುವ ಹಳ್ಳಕ್ಕೆ ಬಹಳ ಜನ ಬಿದ್ದಿದ್ದಾರೆ. ‘ಮಹಾಜನ ವರದಿಯೇ ಅಂತಿಮ’ ಎಂಬ ಘೋಷಣೆ ನಾಲ್ಕು ಪುಟದಲ್ಲಿದೆ, ವರದಿ ಏನು ಹೇಳಿತು ಎಂಬುದು ಎಲ್ಲೂ ಇಲ್ಲ. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟ ಆಯೋಗ ಬೆಳಗಾವಿಯನ್ನು ನಮ್ಮಲ್ಲೇ ಉಳಿಸಿತು, ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಕಾಸರಗೋಡು ನಮಗೆ ಸೇರಬೇಕೆಂದಿತು. ಅದರ ಜೊತೆಗೇ 264 ಹಳ್ಳಿ ಮಹಾರಾಷ್ಟ್ರಕ್ಕೆ, 247 ಹಳ್ಳಿ ನಮಗೆ ಎಂದಿತು. ನಿಪ್ಪಾಣಿ, ಖಾನಾಪುರ ಆ ಕಡೆಗೆ ಹೋಗುವ ಪಟ್ಟಿಯಲ್ಲಿದ್ದವು. ಜತ್ತ, ಅಕ್ಕಲಕೋಟೆ ಈ ಕಡೆಗೆ ಬರುವ ಪಟ್ಟಿಯಲ್ಲಿದ್ದವು. ವರದಿ ಜಾರಿಯಾಗಲಿ ಎಂದವರು ನಿಪ್ಪಾಣಿ ಬಿಟ್ಟುಕೊಡಲು ಒಪ್ಪಿದ್ದರೇ? ನಿನ್ನ ನಾಯಕರು ನಿಪ್ಪಾಣಿಯಲ್ಲೇ ನಿಂತು ಆ ಘೋಷಣೆ ಕೂಗಿದ್ದರೆ ಅದಕ್ಕಿಂತ ಒಳ್ಳೆಯ ದೃಶ್ಯ ಈ ಪುಸ್ತಕದಲ್ಲಿ ಇನ್ನೊಂದಿಲ್ಲ. ಹುಡುಕು.

1956ರ ನವೆಂಬರ್ 1ಕ್ಕೆ ಹಿಂದೆ ಹೋಗುವುದಾದರೆ ದಾಖಲೆ ಒಂದೇ ಊರಿನಲ್ಲಿ ಸಿಗುವುದಿಲ್ಲ. ಕನ್ನಡಿಗರು ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಎಂದು ಹಂಚಿಹೋಗಿದ್ದರು. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಏಕೀಕರಣದ ಪರ ಮಾತಾಡಿದ್ದು ಮುಂಬಯಿಯ ಶಾಸನಸಭೆಯಲ್ಲಿ. ಬೆಂಗಳೂರಿನ ನಡವಳಿಯಲ್ಲಿ ಹುಡುಕಿದರೆ ಅದು ಎಲ್ಲಿ ಸಿಗಬೇಕು? ಕಲಬುರಗಿ, ರಾಯಚೂರು ಕಡೆಯ ಹಳೆಯ ಕಾಗದ ಉರ್ದುವಿನಲ್ಲಿರುತ್ತದೆ, ಇಸವಿ ಫಸಲಿ, ಅಂದರೆ ನಿಜಾಮರ ಆಡಳಿತದ ಕಂದಾಯ ವರ್ಷ. ಅದಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ಇಸವಿ. ತಿಂಗಳು ನೋಡದಿದ್ದರೆ ಒಂದು ವರ್ಷ ಆಚೀಚೆಯಾಗುತ್ತದೆ.

ಕಾಲ ತಪ್ಪಿದ ಪದಗಳು ಇನ್ನಷ್ಟಿವೆ. 1965ರಲ್ಲಿ ‘ಕರ್ನಾಟಕ ಸರ್ಕಾರ’ ಇರಲಿಲ್ಲ, 1973ರ ನವೆಂಬರ್ 1ರವರೆಗೆ ಅದು ಮೈಸೂರು ರಾಜ್ಯ. ಹಳದಿ ಕೆಂಪು ಬಾವುಟವನ್ನು ‘ಅಧಿಕೃತ ನಾಡಧ್ವಜ’ ಎನ್ನಬೇಡ. 2018ರಲ್ಲಿ ಸರ್ಕಾರ ಕೇಂದ್ರದ ಒಪ್ಪಿಗೆಗೆ ಕಳಿಸಿದ್ದು ನಡುವೆ ಬಿಳಿ ಪಟ್ಟಿ ಇರುವ ಬೇರೆ ವಿನ್ಯಾಸ. ನಾಮಫಲಕದ ಶೇಕಡ 60ರ ಲೆಕ್ಕ ತೀರಾ ಇತ್ತೀಚಿನದು. ಫಲಕದ ಮೇಲರ್ಧದಲ್ಲಿ ಕನ್ನಡ ಇರಬೇಕೆಂದು ಸ್ಪಷ್ಟವಾದದ್ದು 2024ರ ತಿದ್ದುಪಡಿಯಿಂದ. ಅದನ್ನು ಎಂಬತ್ತರ ದಶಕದ ಬಾಯಿಗೆ ತುರುಕಬೇಡ.

ಆ ಫಲಕಕ್ಕೆ ಮಸಿ ಬಳಿದ ಪ್ಯಾರಾವನ್ನೇ ನೋಡು. ‘ನಾಡಭಕ್ತಿಯ ಕಿಚ್ಚಿನಲ್ಲಿ ಪರಭಾಷೆಯ ಫಲಕಗಳು ಉರಿದುಹೋದವು’ ಎಂದಿದ್ದೀಯ. ಉರಿದವೋ, ಡಾಂಬರು ಬಳಿದರೋ? ಡಾಂಬರಾದರೆ ಡಬ್ಬ ಯಾರ ಕೈಯಲ್ಲಿತ್ತು, ಏಣಿ ಎಲ್ಲಿಂದ ಬಂತು, ಅಂಗಡಿಯವನು ಬಾಗಿಲು ಹಾಕಿದ್ದನೋ ಹೊರಗೆ ನಿಂತು ನೋಡುತ್ತಿದ್ದನೋ, ಮುಂದಿನ ವಾರ ಹೊಸ ಫಲಕ ಯಾವ ಭಾಷೆಯಲ್ಲಿ ಬಂತು? ಇಷ್ಟು ಗೊತ್ತಾದರೆ ಕಿಚ್ಚು ತಾನೇ ಕಾಣುತ್ತದೆ. ಗೊತ್ತಾಗದಿದ್ದರೆ ಒಂದು ಸಾಲಿನಲ್ಲಿ ಮುಂದೆ ಹೋಗು.

ಇದನ್ನೆಲ್ಲ ಹೇಳಬಲ್ಲವರು ವೇದಿಕೆಯ ಮೇಲಿದ್ದವರಲ್ಲ. ಜೀಪು ಓಡಿಸಿದವರು, ಕರಪತ್ರ ಅಚ್ಚು ಹಾಕಿದ ಮುದ್ರಣಾಲಯದವರು, ಎದುರು ನಿಂತು ಸೋತವರು, ಬೇರೆ ಮನೆಮಾತಿನ ನೆರೆಯವರು. ‘ಯಾವ ಇಸವಿ?’ ಎಂದು ಕೇಳಿದರೆ ತಪ್ಪು ಉತ್ತರ ಬರುತ್ತದೆ. ‘ಆಗ ಮುಖ್ಯಮಂತ್ರಿ ಯಾರು, ನಿಮ್ಮ ಮಗಳ ಮದುವೆ ಆಗಿತ್ತೇ?’ ಎಂದು ಕೇಳು. ದುಡ್ಡಿನ ಪ್ರಶ್ನೆ ಕೊನೆಗಿಟ್ಟುಕೊ, ಆದರೆ ಬಿಡಬೇಡ: ಶಾಮಿಯಾನ, ಮೈಕು, ಡೀಸೆಲ್ಲಿಗೆ ಯಾರು ಕೊಟ್ಟರು, ರಶೀದಿ ಪುಸ್ತಕ ಇತ್ತೇ? ರಾಜ್ಯೋತ್ಸವದ ವಂತಿಗೆ ಬಗ್ಗೆ ಊರಲ್ಲಿ ಗುಸುಗುಸು ಇದ್ದೇ ಇರುತ್ತದೆ. ಕಾಗದ ಸಿಕ್ಕರೆ ಬರಿ, ಇಲ್ಲದಿದ್ದರೆ ಮಾನನಷ್ಟದ ನೋಟಿಸು ನಿನ್ನ ಮನೆಗೆ ಬರುತ್ತದೆ. 2003ರಿಂದೀಚೆಗಿನ ಚುನಾವಣೆಗಳಿಗಾದರೆ ಅಭ್ಯರ್ಥಿಗಳ ಪ್ರಮಾಣಪತ್ರ (ಅಫಿಡವಿಟ್) ಇದೆ. ಆಸ್ತಿ, ಸಾಲ, ಬಾಕಿ ಮೊಕದ್ದಮೆ ಅವರೇ ಸಹಿ ಹಾಕಿ ಕೊಟ್ಟದ್ದು. ಅಭಿನಂದನ ಗ್ರಂಥವನ್ನು ಮಾತ್ರ ಕೊನೆಗೆ ಓದು. ಅದರಲ್ಲಿ ಒಂದೇ ಪ್ರಸಂಗವನ್ನು ಹತ್ತು ಜನ ಹೇಳಿರುತ್ತಾರೆ, ಒಂಬತ್ತು ಜನ ಅಲ್ಲಿರುವುದೇ ಇಲ್ಲ.

ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದನ್ನು ಬರೆಯಬೇಕೇ ಎಂದು ಕೇಳಿದ್ದೀಯ. ಬರಿ. ಕನ್ನಡ ಮಾಧ್ಯಮ ಅವರ ಸಾರ್ವಜನಿಕ ಬೇಡಿಕೆಯಾಗಿತ್ತಲ್ಲ. ಒಂದೇ ಸಾಲು, ಮಕ್ಕಳ ಹೆಸರಿಲ್ಲದೆ, ವ್ಯಂಗ್ಯವಿಲ್ಲದೆ.

ಇನ್ನು ‘ಅವರು’, ‘ಅವನು’ ಗೊಂದಲ. ಒಂದೇ ಪುಟದಲ್ಲಿ ‘ಬಂದರು’, ‘ಬಂದ’, ‘ಆಗಮಿಸಿದರು’ ಮೂರೂ ಇವೆ. ಬಾಲ್ಯದಲ್ಲಿ ‘ಹುಡುಗ ಓಡಿದ’ ಎಂದೇ ಇರಲಿ, ಸಾರ್ವಜನಿಕ ಬದುಕಿಗೆ ಕಾಲಿಟ್ಟ ಅಧ್ಯಾಯದಿಂದ ಬಹುವಚನ. ವಿರೋಧಿಗಳಿಗೂ ಅದೇ ಬಹುವಚನ ಕೊಡು. ನಿನ್ನ ಕರಡಿನಲ್ಲಿ ನಾಯಕರಿಗೆ ‘ಅವರು’, ಎದುರಾಳಿಗೆ ‘ಆತ’. ಅಲ್ಲೇ ನಿನ್ನ ಪಕ್ಷ ಯಾವುದೆಂದು ಗೊತ್ತಾಗಿಬಿಡುತ್ತದೆ. ಹುಬ್ಬಳ್ಳಿಯವರ ಬಾಯಲ್ಲಿ ಮೈಸೂರಿನ ಮಾತು ಆಡಿಸಿದ್ದನ್ನೂ ಸರಿಮಾಡು.

ಮುಂದಿನ ಸಲ ಅಧ್ಯಾಯ ಕಳಿಸಬೇಡ, ಹಾಳೆಗಳನ್ನು ಕಳಿಸು. ಫೋಟೋಗಳನ್ನು ಸ್ಕ್ಯಾನ್ ಮಾಡಿಸುವಾಗ ಹಿಂಬದಿಯನ್ನೂ ಮಾಡಿಸು. ಸ್ಟುಡಿಯೋದ ಮುದ್ರೆ, ಪೆನ್ಸಿಲಿನಲ್ಲಿ ಗೀಚಿದ ತಾರೀಖು ಇರುವುದು ಅಲ್ಲೇ.

ಇಂತಿ,
ನಿನ್ನ ಅಣ್ಣ