ಕೊಕ್ಕು ನೋಡಿ ಕುಲ ಹೇಳಬೇಡ

ಮಳವಳ್ಳಿ
ಸಂಕ್ರಾಂತಿ ಆದ ಮೂರನೇ ದಿನ

ಚಿ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ದನಗಳಿಗೆ ಕಿಚ್ಚು ಹಾಯಿಸುವಾಗ ನೀನಿರಲಿಲ್ಲ ಅಂತ ಎಲ್ಲರಿಗೂ ಬೇಜಾರಾಯ್ತು. ನಿನ್ನ ಪಾಲಿನ ಎಳ್ಳು-ಬೆಲ್ಲವನ್ನು ದೊಡ್ಡಮ್ಮ ಡಬ್ಬಿಯಲ್ಲಿ ಎತ್ತಿಟ್ಟಿದ್ದಾಳೆ.

ಹದಿನಾರು ಅನ್ನುವ ಊರಿನ ಕೆರೆಯಲ್ಲಿ ತೆಗೆದ ನಿನ್ನ ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಒಂದು ಹಿನ್ನೀರ ಗೊರವ (ಇಂಗ್ಲಿಷಿನ ಬ್ಲ್ಯಾಕ್-ಟೇಲ್ಡ್ ಗಾಡ್ವಿಟ್, ಉದ್ದ ಕೊಕ್ಕಿನ ವಲಸೆ ಹಕ್ಕಿ) ಕಣ್ಣಿನ ತನಕ ಕೊಕ್ಕನ್ನು ಕೆಸರಿಗೆ ಇಳಿಸಿದೆ. ಪಕ್ಕದ್ದು ಆಗ ತಾನೇ ಎತ್ತಿದೆ. ಕೊಕ್ಕಿನ ಬುಡ ಗುಲಾಬಿ, ತುದಿ ಕಪ್ಪು, ತುದಿಯಿಂದ ಒಂದು ಹನಿ ನೀರು ತೊಟ್ಟಿಕ್ಕುತ್ತಿದೆ. ತುಂಬಾ ಚೆನ್ನಾಗಿ ತೆಗೆದಿದ್ದೀಯ.

ಆದರೆ ಕೊನೆಯ ಫೋಟೋದ ಕೆಳಗೆ "ಇದರ ಕೊಕ್ಕು ಗಿಡ್ಡ, ಮೈ ಸಣ್ಣ, ಇದು ಪೂರ್ವ ಏಷ್ಯಾದ ಉಪಜಾತಿ" ಅಂತ, ಅಂದರೆ ಅದೇ ಹಕ್ಕಿಯ ಆ ಸೀಮೆಯ ಕವಲು ಅಂತ ಬರೆದಿದ್ದೀಯ. ಪ್ರಾಜೆಕ್ಟ್ ವರದಿಗೂ ಅದನ್ನೇ ಹಾಕ್ತೀನಿ ಅಂದೆಯಂತೆ. ಹಾಕಬೇಡ. ಈ ಹಕ್ಕಿಗಳಲ್ಲಿ ಹೆಣ್ಣೇ ದೊಡ್ಡದು, ಅದರ ಕೊಕ್ಕೂ ಉದ್ದ. ನೀನು ನೋಡಿದ್ದು ಹೆಣ್ಣುಗಳ ಮಧ್ಯೆ ನಿಂತಿದ್ದ ಒಂದು ಗಂಡು ಇರಬಹುದು, ಅಲ್ವಾ?

ನಾನೂ ಹೀಗೇ ಕಣ್ಣು ನಂಬಿ ಕೆಟ್ಟಿದ್ದೇನೆ. ನೀನಿನ್ನೂ ಹುಟ್ಟಿರಲಿಲ್ಲ. ಸಂತೆಯಲ್ಲಿ ಒಬ್ಬ ವ್ಯಾಪಾರಿ ಒಂದು ಹೆಣ್ಣು ಕುರಿಯನ್ನು ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿದ. "ಹಿಂಗಾಲು ನೋಡಿ ಮೇಷ್ಟ್ರೇ, ಅಸಲಿ ಬನ್ನೂರು ತಳಿ" ಅಂದ. ನಿಜಕ್ಕೂ ಗಿಡ್ಡ ಕಾಲು, ದುಂಡು ಮೈ, ಹಿಂದಿನಿಂದ ನೋಡಿದರೆ ಲಾಳ ತಲೆಕೆಳಗು ಮಾಡಿ ಇಟ್ಟ ಹಾಗೆ. ಚೌಕಾಸಿ ಕೂಡ ಮಾಡದೆ ಕೊಂಡು ತಂದೆ. ಮನೆಯಲ್ಲಿದ್ದ ಟಗರು ಅಪ್ಪಟ ಬನ್ನೂರು. ಆದರೂ ಹುಟ್ಟಿದ ಮರಿಗಳಲ್ಲಿ ಒಂದಕ್ಕೆ ಕಾಲು ಉದ್ದ, ಮೈ ತೆಳ್ಳಗೆ. ಆ ಕುರಿಯ ಅಪ್ಪ ಯಾವುದೋ ಬೇರೆ ಊರಿನ ಟಗರು ಅಂತ ಆಮೇಲೆ ಗೊತ್ತಾಯ್ತು. ನಿನ್ನ ದೊಡ್ಡಮ್ಮ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಈ ಕಥೆ ಯಾಕೆ ಹೇಳಿದೆ ಅಂದರೆ, ಆ ಕುರಿಯ ಜೀವಕೋಶದ ಮೈಟೋಕಾಂಡ್ರಿಯ ಅನ್ನುವ ಭಾಗದ ಡಿಎನ್‌ಎ ಪರೀಕ್ಷೆ ಮಾಡಿಸಿದ್ದರೂ ಈ ಬೆರಕೆ ಗೊತ್ತಾಗುತ್ತಿರಲಿಲ್ಲ. ಅದು ತಾಯಿಯಿಂದ ಮಾತ್ರ ಬರುವುದು. ಅಪ್ಪನ ಕಡೆಯ ಸುದ್ದಿ ಅದರಲ್ಲಿ ಇರುವುದೇ ಇಲ್ಲ. ಹಕ್ಕಿಗಳ ಉಪಜಾತಿ ಬಗ್ಗೆ ಹಳೆಯ ಸಂಶೋಧನೆಗಳನ್ನು ಓದುವಾಗ ಇದು ತಲೆಯಲ್ಲಿರಲಿ. ಎಷ್ಟೋ ಅಧ್ಯಯನಗಳು ತಾಯಿಯ ಕಡೆಯ ಎಳೆ ಹಿಡಿದೇ ಹೋಗಿವೆ. ಪೂರ್ತಿ ಜೀನೋಮ್, ಅಂದರೆ ಅಪ್ಪ-ಅಮ್ಮ ಇಬ್ಬರ ಕಡೆಯ ಡಿಎನ್‌ಎಯನ್ನೂ ಓದುವುದು ಈಚೆಗೆ ಬಂದದ್ದು.

ಹಾಗಂತ ಆ ಎಳೆ ಸುಮ್ನೆ ಅಲ್ಲ. ನಿನ್ನ ಗೊರವದ್ದೇ ಕಥೆ ನೋಡು. ಬಹಳ ಕಾಲ ಮೂರೇ ಉಪಜಾತಿ ಅಂತಿದ್ದರು: ಯುರೋಪಿನದು, ಐಸ್‌ಲ್ಯಾಂಡಿನದು, ಪೂರ್ವ ಏಷ್ಯಾದ್ದು. ಆಮೇಲೆ ಚೀನಾದ ಬೋಹಾಯ್ ಕೊಲ್ಲಿಯಲ್ಲಿ ಹಿಡಿದ ಕೆಲವು ಹಕ್ಕಿಗಳು ಪೂರ್ವ ಏಷ್ಯಾದ್ದಕ್ಕಿಂತ ದೊಡ್ಡದಾಗಿದ್ದವು, ಕೊಕ್ಕೂ ಉದ್ದ. ಡಿಎನ್‌ಎ ನೋಡಿದರೆ ಅದೂ ಬೇರೆ. ಮೈ ಅಳತೆ, ಡಿಎನ್‌ಎ ಎರಡೂ ಒಂದೇ ಮಾತು ಹೇಳಿದ ಮೇಲೆ 'ಬೋಹಾಯಿ' ಅಂತ ನಾಲ್ಕನೆಯ ಹೆಸರು ಕೊಟ್ಟರು. ಒಂದೇ ಲೆಕ್ಕದಲ್ಲಿ ಎಣಿಸುತ್ತಿದ್ದ ಹಕ್ಕಿಗಳು ಎರಡು ಲೆಕ್ಕವಾದವು. ಎರಡೂ ಮೊದಲಿನದಕ್ಕಿಂತ ಚಿಕ್ಕ ಲೆಕ್ಕ. ಇದು ಬರೀ ಹೆಸರಿನ ಪ್ರಶ್ನೆ ಅಲ್ಲ. ಐಸ್‌ಲ್ಯಾಂಡಿನ ಗೊರವಗಳು ನೂರು ವರ್ಷದಿಂದ ಹೆಚ್ಚುತ್ತಾ ಬಂದಿವೆ. ನೆದರ್‌ಲ್ಯಾಂಡ್ಸಿನ ಹುಲ್ಲುಗಾವಲಲ್ಲಿ ಗೂಡು ಮಾಡುವವು, ಮರಿ ಹಾರುವ ಮೊದಲೇ ಹುಲ್ಲು ಕೊಯ್ಯುವುದರಿಂದ, ಕಮ್ಮಿ ಆಗುತ್ತಲೇ ಇವೆ. ಅದೇ ಹಕ್ಕಿಯನ್ನು 2015ರಲ್ಲಿ ಆ ದೇಶದವರು ರಾಷ್ಟ್ರಪಕ್ಷಿ ಅಂತ ಆರಿಸಿಕೊಂಡರು! ಎರಡನ್ನೂ ಕೂಡಿಸಿ ಎಣಿಸಿದರೆ ಒಂದರ ಸಂಕಟ ಇನ್ನೊಂದರ ಸುಗ್ಗಿಯಲ್ಲಿ ಮುಚ್ಚಿಹೋಗುತ್ತೆ.

ಇದಕ್ಕೆ ಉಲ್ಟಾ ರೆಡ್ ನಾಟ್ ಅನ್ನುವ ಇನ್ನೊಂದು ವಲಸೆ ಹಕ್ಕಿಯ ಕಥೆ. ಆರು ಉಪಜಾತಿ. ಒಂದು ದಕ್ಷಿಣ ಅಮೆರಿಕದ ತುದಿಗೆ ಹಾರುತ್ತೆ, ಒಂದು ಆಫ್ರಿಕಾಕ್ಕೆ, ಇನ್ನೊಂದು ಆಸ್ಟ್ರೇಲಿಯಾ ಕಡೆಗೆ. ದಾರಿ ಬೇರೆ, ಅಳತೆ ಬೇರೆ. ಡಿಎನ್‌ಎ ತೆಗೆದರೆ ವ್ಯತ್ಯಾಸ ಇಷ್ಟೇ ಇಷ್ಟು. ಹಿಮಯುಗದಲ್ಲಿ ಅಳಿದುಳಿದ ಹಕ್ಕಿಗಳಿಂದ, ಸುಮಾರು 20,000 ವರ್ಷಗಳ ಈಚೆಗೆ ಕವಲೊಡೆದ ಸಂಸಾರಗಳಿವು. ಬೇರೆಯಾಗಿ ಜಾಸ್ತಿ ಕಾಲ ಆಗಿಲ್ಲ. ಅದಕ್ಕೇ ಡಿಎನ್‌ಎ ಹೆಚ್ಚುಕಮ್ಮಿ ಒಂದೇ ಅಂತ ಬಂದ ಕೂಡಲೇ "ಉಪಜಾತಿಯೇ ಅಲ್ಲ" ಅಂತ ಒರೆಸಿಹಾಕುವವರ ಜೊತೆಗೂ ನೀನು ಸೇರಬೇಡ.

ವರದಿಯಲ್ಲಿ ಕಂಡದ್ದನ್ನಷ್ಟೇ ಬರಿ. ಎಷ್ಟು ಹಕ್ಕಿ, ಯಾವ ದಿನ, ನೀರು ಎಷ್ಟಿತ್ತು, ಯಾವುದರ ಕೊಕ್ಕು ತಲೆಯ ಎಷ್ಟು ಪಟ್ಟು ಉದ್ದ. ಉಪಜಾತಿ ಕಾಲಮ್ ಖಾಲಿ ಇರಲಿ. ಗೈಡ್ ಕೇಳಿದರೆ ಯಾಕೆ ಖಾಲಿ ಅಂತ ಹೇಳಲು ಈಗ ನಿನಗೆ ಗೊತ್ತಲ್ಲ. ಮತ್ತೆ, ಡಿಎನ್‌ಎ ಆಸೆಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ದಡದಲ್ಲಿ ಬಿದ್ದ ಗರಿ ಆಯ್ದು ಚೀಲಕ್ಕೆ ಹಾಕಿಕೊಳ್ಳಬೇಡ.

ಭಾನುವಾರ ಬಾ. ಆ ಸಂತೆ ಕುರಿಯ ವಂಶದ್ದು ಒಂದು ಇನ್ನೂ ಕೊಟ್ಟಿಗೆಯಲ್ಲಿದೆ. ಹಿಂದಿನಿಂದ ನೋಡಿ ಯಾವ ತಳಿ ಅಂತ ನೀನೇ ಹೇಳುವೆಯಂತೆ.

ಇಂತಿ,
ನಿನ್ನ ದೊಡ್ಡಪ್ಪ