ಬಿಷಪ್ ಪೀಠಕ್ಕೆ ನಿಮ್ಮ ಶಿಫಾರಸು ಬೇಡ: ಅಲ್ಪಸಂಖ್ಯಾತರ ಕಲ್ಯಾಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯೊಂದರ, ಅಂದರೆ ಚರ್ಚೊಂದರ, ಸಾಮಾನ್ಯ ಸದಸ್ಯ. ಚರ್ಚಿನ ಒಳಜಗಳವನ್ನು ವಿಧಾನಸೌಧದ ಮೆಟ್ಟಿಲ ಮೇಲೆ ತಂದು ಸುರಿಯುವ ಆಸೆ ನನಗಿಲ್ಲ. ಆದರೆ ನಮ್ಮ ಕಡೆ ಬಿಷಪ್ ಚುನಾವಣೆ ಹತ್ತಿರವಾದಾಗಲೆಲ್ಲ ಆಕಾಂಕ್ಷಿಗಳ ಪರವಾಗಿ ನಾಲ್ಕಾರು ಜನ ರಾಜಕಾರಣಿಗಳ ಮನೆಗೆ ಎಡತಾಕುತ್ತಾರೆ. ‘ಸಾಹೇಬರು ಒಂದು ಮಾತು ಹೇಳಿದರೆ ಸಾಕು’ ಎನ್ನುತ್ತಾರೆ. ಆ ಒಂದು ಮಾತನ್ನು ದಯವಿಟ್ಟು ಹೇಳಬೇಡಿ ಎಂದು ಕೇಳಲು ಇದನ್ನು ಬರೆಯುತ್ತಿದ್ದೇನೆ.

ಕರ್ನಾಟಕದಲ್ಲಿ ನಮಗೆ ಮೂರು ಡಯಾಸಿಸ್‌ಗಳಿವೆ, ಅಂದರೆ ಒಬ್ಬೊಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರಾಂತಗಳು. ಬೆಂಗಳೂರು, ಧಾರವಾಡ, ಮಂಗಳೂರು ಅವುಗಳ ಕೇಂದ್ರಗಳು. ಬಿಷಪ್ ಸ್ಥಾನ ತೆರವಾದಾಗ ಅಯ್ಯನವರೂ (ನಮ್ಮ ಪಾದ್ರಿಗಳು) ಸಭೆಗಳ ಪ್ರತಿನಿಧಿಗಳೂ ಡಯಾಸಿಸನ್ ಕೌನ್ಸಿಲ್‌ನಲ್ಲಿ ಮತ ಹಾಕಿ ಒಂದು ಪ್ಯಾನೆಲ್ ಮಾಡುತ್ತಾರೆ. ಅದರಲ್ಲಿ ಒಬ್ಬರನ್ನು ಇಡೀ ಸಿ.ಎಸ್.ಐ.ನ ಮೇಲಿನ ಆಡಳಿತ ಮಂಡಳಿಯಾದ ಸಿನಡ್ ಆರಿಸುತ್ತದೆ. ಪದ್ಧತಿಯಲ್ಲಿ ಕುಂದಿಲ್ಲ. ಆದರೆ ಬಿಷಪ್ಪರಾದವರು ಪ್ರಸಂಗ ಮಾಡಿ, ದೃಢೀಕರಣ (ಸಭೆಯ ಪೂರ್ಣ ಸದಸ್ಯರನ್ನಾಗಿ ಮಾಡುವ ವಿಧಿ) ಕೊಟ್ಟು ಸುಮ್ಮನಿರುವಂತಿಲ್ಲವಲ್ಲ. ಶಾಲೆ, ಕಾಲೇಜು, ಆಸ್ಪತ್ರೆಗಳ ಆಡಳಿತದಲ್ಲಿ ಅವರದೇ ಕೊನೆಯ ಮಾತು. ಅಯ್ಯನವರ ವರ್ಗಾವಣೆ, ಶಿಕ್ಷಕರ ನೇಮಕ, ಎಲ್‌ಕೆಜಿ ಸೀಟು, ಮಳಿಗೆಗಳ ಬಾಡಿಗೆ ಕರಾರು, ಎಲ್ಲವೂ ಅವರ ಮೇಜಿಗೇ ಬರಬೇಕು. ಲಂಡನ್ ಮಿಷನ್, ವೆಸ್ಲಿಯನ್, ಬಾಸೆಲ್ ಮಿಷನ್‌ಗಳ ಕಾಲದಲ್ಲಿ ಊರಾಚೆ ಇದ್ದ ಎಷ್ಟೋ ಜಾಗಗಳು ಈಗ ಪೇಟೆಯ ನಡುಮಧ್ಯೆ ಇವೆ. ಪೀಠದ ಮೇಲೆ ಕಣ್ಣು ಬೀಳಲು ಇನ್ನೇನು ಬೇಕು?

ದುಡ್ಡಿನ ಆಸೆಯನ್ನೇ ಎಲ್ಲರೂ ದೂರುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಹಮ್ಮು. ದುಡ್ಡು ತಿಂದವನಿಗೆ ಒಳಗೊಳಗೇ ಅಳುಕಾದರೂ ಇರುತ್ತದೆ. ‘ನನ್ನನ್ನು ಇಲ್ಲಿ ಕೂರಿಸಿದವನು ದೇವರು, ನನ್ನನ್ನು ಕೇಳಲು ನೀವ್ಯಾರು’ ಎನ್ನುವವನಿಗೆ ಅದೂ ಇರುವುದಿಲ್ಲ. ನಮ್ಮ ಪಕ್ಕದ ಪಾಸ್ಟರೇಟಿನ (ಒಬ್ಬ ಅಯ್ಯನವರ ಉಸ್ತುವಾರಿಯ ಸಭೆಗಳ) ಅಯ್ಯನವರೊಬ್ಬರು ಕೌನ್ಸಿಲ್‌ನಲ್ಲಿ ಎದ್ದು ನಿಂತು ಶಾಲೆಯೊಂದರ ಲೆಕ್ಕ ಕೇಳಿದ್ದರು. ಶೈಕ್ಷಣಿಕ ವರ್ಷದ ನಡುವೆಯೇ ವರ್ಗದ ಆದೇಶ ಬಂತು. ಹತ್ತನೇ ತರಗತಿಯಲ್ಲಿದ್ದ ಮಗಳನ್ನು ನೆಂಟರ ಮನೆಯಲ್ಲಿ ಬಿಟ್ಟು, ಪಾತ್ರೆಪಗಡೆ ಟೆಂಪೋಗೆ ಹಾಕಿಕೊಂಡು ಹೊರಟರು. ಬೀಳ್ಕೊಡುಗೆಯ ಆರಾಧನೆಯಲ್ಲಿ ಅವರು ಯಾರ ಹೆಸರನ್ನೂ ಎತ್ತಲಿಲ್ಲ. ಮುಂದಿನ ಕೌನ್ಸಿಲ್‌ನಲ್ಲಿ ಆ ಶಾಲೆಯ ಲೆಕ್ಕವನ್ನೂ ಯಾರೂ ಎತ್ತಲಿಲ್ಲ.

ಮೇಲಿನ ಹಂತದಲ್ಲಿ ನಡೆದದ್ದನ್ನು ನೀವು ಪತ್ರಿಕೆಗಳಲ್ಲೇ ಓದಿರುತ್ತೀರಿ. ಬಿಷಪ್‌ಗಳ ನಿವೃತ್ತಿಯ ವಯಸ್ಸನ್ನು 67ರಿಂದ 70ಕ್ಕೆ ಏರಿಸುವ ತಿದ್ದುಪಡಿ ಮತ್ತು ಸಿ.ಎಸ್.ಐ. ಮುಖ್ಯಸ್ಥರಾದ ಮಾಡರೇಟರ್ ಅವರ ಚುನಾವಣೆ ಕೋರ್ಟಿನ ಮೆಟ್ಟಿಲೇರಿದವು. 2024ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟ್ ಸಿನಡ್ಡಿನ ಆಡಳಿತಕ್ಕೆ ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ನೇಮಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಯಾರದು ಸರಿ ಎಂಬುದನ್ನು ನ್ಯಾಯಾಲಯ ಹೇಳಲಿ. ನಿವೃತ್ತಿಯ ವಯಸ್ಸಾಯಿತು ಎಂದರೆ ಎದ್ದು ಮನೆಗೆ ಹೋಗುವುದು ಇಷ್ಟು ಕಷ್ಟವೇ ಎಂಬುದಷ್ಟೇ ನನ್ನ ಪ್ರಶ್ನೆ. ಸಿ.ಎಸ್.ಐ. ಹುಟ್ಟಿದ್ದೇ ಬಿಟ್ಟುಕೊಡುವುದರಿಂದ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥೊಡಿಸ್ಟರು, ಅದಕ್ಕೂ ಮೊದಲೇ ಒಂದಾಗಿದ್ದ ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ ಸಭೆಯವರು ಕೂಡಿಕೊಂಡರು. ಬಿಷಪ್ ಎಂದರೆ ಆಗದಿದ್ದವರು ಬಿಷಪ್ಪರನ್ನು ಒಪ್ಪಿದರು. ಬಿಷಪ್ಪರ ಕೈಯಿಂದ ದೀಕ್ಷೆ ಪಡೆಯದವರನ್ನು ಆಂಗ್ಲಿಕನ್ನರು ತಮ್ಮ ಸರಿಸಮ ಅಯ್ಯನವರೆಂದು ಒಪ್ಪಿದರು. ಅದಕ್ಕೆ ವರ್ಷಗಟ್ಟಲೆ ಮಾತುಕತೆ ನಡೆದಿತ್ತು.

ಶಿಫಾರಸು ನಮಗೆ ಹೊಸದಲ್ಲ ಬಿಡಿ. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಜೆಬೆದಾಯನ ಹೆಂಡತಿ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಯೇಸುವಿನ ಬಳಿ ಬಂದು, ನಿನ್ನ ರಾಜ್ಯದಲ್ಲಿ ಒಬ್ಬನನ್ನು ಬಲಗಡೆ, ಇನ್ನೊಬ್ಬನನ್ನು ಎಡಗಡೆ ಕೂರಿಸು ಎಂದು ಬೇಡುತ್ತಾಳೆ. ಕೇಳಿ ಉಳಿದ ಹತ್ತು ಮಂದಿ ಸಿಟ್ಟಾಗುತ್ತಾರೆ. ಅವರ ಸಿಟ್ಟು ಧರ್ಮದ ಸಿಟ್ಟಾಗಿತ್ತೆಂದು ನನಗನ್ನಿಸುವುದಿಲ್ಲ. ಇವರು ನಮಗಿಂತ ಮೊದಲೇ ಹೋಗಿ ಕೇಳಿಬಿಟ್ಟರಲ್ಲ ಎಂಬ ಹೊಟ್ಟೆಯುರಿಯೂ ಇದ್ದೀತು. ಯೇಸು ಹನ್ನೆರಡೂ ಮಂದಿಯನ್ನು ಕರೆದು, ದೊರೆಗಳು ಜನರ ಮೇಲೆ ದೊರೆತನ ಮಾಡುತ್ತಾರೆ, ನಿಮ್ಮಲ್ಲಿ ಅದು ಕೂಡದು ಎನ್ನುತ್ತಾನೆ. ಈ ಭಾಗವನ್ನು ನಮ್ಮಲ್ಲಿ ಬಿಷಪ್ ಅಭಿಷೇಕದ ಹೊತ್ತಿನಲ್ಲೇ ಪ್ರಸಂಗ ಮಾಡಿದ್ದನ್ನು ಕೇಳಿದ್ದೇನೆ. ಕೇಳುತ್ತಿದ್ದವರ ಮೊದಲ ಸಾಲಿನಲ್ಲಿ ಮಂತ್ರಿಗಳು, ನಿಗಮದ ಅಧ್ಯಕ್ಷರು, ಅವರ ಗನ್‌ಮ್ಯಾನ್‌ಗಳು.

ನಿಮ್ಮ ಪಾತ್ರ ಇರುವುದು ಇಲ್ಲೇ. ಸುಗ್ಗಿ ಹಬ್ಬಕ್ಕೆ ನೀವು ಬರುತ್ತೀರಿ ಎಂದರೆ ಗೇಟಿನ ಫ್ಲೆಕ್ಸ್‌ನಲ್ಲಿ ಬಿಷಪ್ಪರ ಚಿತ್ರ, ನಿಮ್ಮ ಚಿತ್ರ, ಮೂಲೆಯಲ್ಲೊಂದು ಪುಟ್ಟ ಶಿಲುಬೆ. ಸಂಡೇಸ್ಕೂಲ್ ಮಕ್ಕಳು ಹೂ ಹಿಡಿದು ಬಿಸಿಲಲ್ಲಿ ನಿಂತಿರುತ್ತಾರೆ. ಶಾಲು, ಹಾರ, ಮೈಸೂರು ಪೇಟ ಮುಗಿಯುವ ಹೊತ್ತಿಗೆ ಏಲಂಗೆ ತಂದ ಕೋಳಿಗಳೂ ಬಾಯಾರಿ ಸುಸ್ತಾಗಿರುತ್ತವೆ. ಚುನಾವಣೆ ಬಂದಾಗ ‘ಸಮುದಾಯದ ನಾಯಕರು’ ಎಂದು ನೀವು ಫೋನ್ ಮಾಡುವುದೂ ಆ ಒಬ್ಬರಿಗೇ. ಒಳಗೆ ಲೆಕ್ಕ ಕೇಳಿದವರಿಗೆ ‘ಮಂತ್ರಿಗಳೇ ನನ್ನ ಜೊತೆ ಇದ್ದಾರೆ’ ಎಂಬ ಉತ್ತರ ಸಿಗುವುದು ಆ ಫೋನಿನಿಂದಲೇ.

ಹಾಗಂತ ಚರ್ಚುಗಳನ್ನೂ ಮುಜರಾಯಿ ಥರ ಸರ್ಕಾರ ನಡೆಸಲಿ ಎನ್ನುತ್ತಿಲ್ಲ. ನಮ್ಮಲ್ಲೇ ಕೆಲವರು ರೋಸಿಹೋಗಿ ಹಾಗೆ ಹೇಳುವುದುಂಟು. ಸಂವಿಧಾನದ 26ನೇ ವಿಧಿ ಧಾರ್ಮಿಕ ವಿಷಯಗಳನ್ನು ನಾವೇ ನೋಡಿಕೊಳ್ಳುವ ಹಕ್ಕು ಕೊಟ್ಟಿದೆ, ಅದನ್ನು ಸಿಟ್ಟಿನಲ್ಲಿ ಕೈಬಿಡುವುದು ದಡ್ಡತನ. ನಾನು ಕೇಳುತ್ತಿರುವುದು ನೀವು ದೂರ ಇರಬೇಕಾದ ಕಡೆ ದೂರ ಇರಿ ಎಂದು.

ಆಕಾಂಕ್ಷಿಯ ಕಡೆಯವರು ಬಂದರೆ ಕಾಫಿ ಕೊಟ್ಟು ಕಳಿಸಿ, ಕಾಗದ ಕೊಡಬೇಡಿ. ಸಮುದಾಯದ ಸಭೆ ಕರೆದಾಗ ಹಳ್ಳಿ ಸಭೆಗಳ ಅಯ್ಯನವರನ್ನು, ಸ್ತ್ರೀಯರ ಕೂಟದವರನ್ನು, ಮಿಷನ್ ಆಸ್ಪತ್ರೆಯ ನರ್ಸುಗಳನ್ನೂ ಕರೆಯಿರಿ. ಬಿಷಪ್ಪರು ಅವರ ಜೊತೆಗೇ ಕೂರಲಿ. ಇನ್ನೊಂದು ಕೆಲಸ ನಿಮ್ಮ ಇಲಾಖೆಯ ಕೈಯಲ್ಲೇ ಇದೆ. ಚರ್ಚ್ ದುರಸ್ತಿಗೂ ಸಮುದಾಯ ಭವನಕ್ಕೂ ಸರ್ಕಾರದ ಅನುದಾನ ಬರುತ್ತದೆ. ಮಂಜೂರಾತಿ ಆದೇಶದಲ್ಲೇ ಒಂದು ಷರತ್ತು ಸೇರಿಸಿ: ಎಷ್ಟು ಬಂತು, ಯಾವ ಗುತ್ತಿಗೆದಾರರಿಗೆ ಎಷ್ಟು ಹೋಯಿತು ಎಂಬುದನ್ನು ಆರಾಧನೆಗೆ ಬರುವವರೆಲ್ಲ ಓದುವಂತೆ ಚರ್ಚಿನ ಬಾಗಿಲ ಪಕ್ಕದ ಬೋರ್ಡಿನಲ್ಲಿ ಹಾಕಬೇಕು, ಹಾಕದಿದ್ದರೆ ಎರಡನೇ ಕಂತು ಬಿಡುಗಡೆ ಇಲ್ಲ.

ಇಂತಿ ತಮ್ಮ ವಿಶ್ವಾಸಿ,
ಸಿ.ಎಸ್.ಐ. ಸಭೆಯ ಸದಸ್ಯ