ಇಳಕಲ್ಲ ಸೀರೆಗಳ ದಾಖಲೆ: ಸದಸ್ಯರಲ್ಲಿ ವಿನಂತಿ

ಗುಂಪಿನ ಹಿರಿಯರಿಗೂ ಅಕ್ಕ-ತಂಗಿಯರಿಗೂ ಶರಣು ಶರಣಾರ್ಥಿ.

ಬಾಗಲಕೋಟೆ ಜಿಲ್ಲೆಯ ನಮ್ಮ ಇಳಕಲ್ಲಿನ ಇತಿಹಾಸವನ್ನು ಬರೆಯಬೇಕೆಂದರೆ ಮಗ್ಗದಿಂದಲೇ ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಇಳಕಲ್ಲ ಸೀರೆಯ ಮೈಯ ಹಾಸಿನ (ಉದ್ದಕ್ಕೆ ಹಾಯುವ) ಎಳೆಗಳನ್ನೂ ಸೆರಗಿನ ರೇಷ್ಮೆ ಎಳೆಗಳನ್ನೂ ಒಂದೊಂದಾಗಿ ಕುಣಿಕೆಯಲ್ಲಿ ಕೋದು ಕೂಡಿಸುವ ಕೊಂಡಿಯ ಕೆಲಸವೇ ಅದರ ಜೀವಾಳ. ಹಳೆಯ ಸೀರೆಯೊಂದನ್ನು ಬೆಳಕಿಗೆ ಹಿಡಿದು ಆ ಕೂಡುಗೆರೆಯ ಮೇಲೆ ಬೆರಳಾಡಿಸಿದರೆ ಅದು ಸ್ಪಷ್ಟವಾಗಿ ತಿಳಿಯುತ್ತದೆ. ಕೆಂಪು ಸೆರಗಿನ ಬಿಳಿ ವಿನ್ಯಾಸಗಳಲ್ಲಿ ಬಾಚಣಿಗೆಯ ಹಲ್ಲು, ಜೋಳದ ತೆನೆ, ಕೋಟೆಯ ಗೋಡೆ ಕಾಣುತ್ತವೆ. ಹೊಲವೂ ಮನೆಯೂ ಸೆರಗಿನಲ್ಲಿಯೇ ನೆಯ್ದು ಬಂದಿರುವುದು ನನಗೆ ಬಹಳ ಪ್ರಿಯವಾದ ಸಂಗತಿ.

ಆದ್ದರಿಂದ ತಮ್ಮ ಮನೆಯ ಟ್ರಂಕಿನಲ್ಲಿರುವ ಹಳೆಯ ಸೀರೆಗಳ ಸೆರಗು ಮತ್ತು ದಡಿಯ (ಅಂಚಿನ) ಫೋಟೋ ತೆಗೆದು, ಅದು ಯಾರ ಮದುವೆಗೆ, ಕುಬಸಕ್ಕೆ (ಸೀಮಂತಕ್ಕೆ) ಅಥವಾ ಉಡಿ ತುಂಬುವುದಕ್ಕೆ ಬಂದದ್ದೆಂಬುದನ್ನೂ, ಗೋಮಿ, ಗಾಡಿ, ಪರಾಸಪೇಟ ಎಂಬ ದಡಿಗಳಲ್ಲಿ ಅದು ಯಾವುದೆಂಬುದನ್ನೂ ಹಿರಿಯರನ್ನು ಕೇಳಿ ಬರೆದು ಕಳಿಸಬೇಕು. ಹಾಗೆಯೇ, ದುಶ್ಚಟಗಳನ್ನು ಜೋಳಿಗೆಗೆ ಭಿಕ್ಷೆಯಾಗಿ ಬೇಡಿದ ನಮ್ಮ ಇಳಕಲ್ಲ ಮಠದ ಸ್ವಾಮೀಜಿ ಮಹಾಂತ ಶಿವಯೋಗಿಗಳ ನೆನಪುಗಳಿದ್ದರೆ, ಅವರ ಜನ್ಮದಿನವಾದ ಆಗಸ್ಟ್ 1ರ ಮುಂಚೆ ಧ್ವನಿಯಲ್ಲಿಯೇ ಕಳಿಸಬಹುದು. ಬೇರೆ ಗುಂಪಿನಿಂದ ಬಂದ ಚಿತ್ರಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿರಿ.